ಕೊಯ್ಲಿಗೆ ಬಂತೇ ವೈನ್ ದ್ರಾಕ್ಷಿ? ಸೆನ್ಸರ್ ಹಿಡಿದು ಅಳೆಯುವ ಕ್ರಮ

ನಂದಿ ಬೆಟ್ಟದ ಸುತ್ತಮುತ್ತ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ವೈನ್ ದ್ರಾಕ್ಷಿ ತೋಟಗಳಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಳ್ಳಿ ಸವರುವ ಪ್ರೂನಿಂಗ್‌ನ ಫಸಲು ಫೆಬ್ರವರಿ-ಮಾರ್ಚ್ ಹೊತ್ತಿಗೆ ಮಾಗುತ್ತದೆ. ವಿಜಯಪುರದವರ ಬಾಯಲ್ಲಿ ಈ ಪ್ರೂನಿಂಗ್‌ಗೆ ಚಾಟ್ನಿ ಎಂದೇ ಹೆಸರು. ಯುರೋಪಿನಲ್ಲಿ ಹಣ್ಣು ಮಾಗುವಾಗ ದಿನಗಳು ತಂಪಾಗುತ್ತಾ ಹೋಗುತ್ತವೆ, ನಮ್ಮಲ್ಲಿ ಬಿಸಿಲು ಏರುತ್ತಾ ಹೋಗುತ್ತದೆ. ಸಕ್ಕರೆ ಬೇಗ ಏರುತ್ತದೆ, ಮ್ಯಾಲಿಕ್ ಆಮ್ಲ ಬೇಗ ಇಳಿಯುತ್ತದೆ, ಹುಳಿ ಕುಗ್ಗಿದಷ್ಟೂ ಏರುವ ಪಿಎಚ್ ಅಂಕೆ ಮೇಲಕ್ಕೆ ಹತ್ತುತ್ತದೆ. ನಾಲ್ಕು ದಿನ ತಡವಾದರೂ ವೈನಿನ ಸ್ವರೂಪವೇ ಬದಲಾಗಬಹುದು. ಕಣ್ಣಿಗೆ ಮಾತ್ರ ಗೊಂಚಲು ನಾಲ್ಕು ದಿನದ ಹಿಂದೆ ಹೇಗಿತ್ತೋ ಹಾಗೇ ಕಾಣುತ್ತದೆ.

ಅದಕ್ಕೇ ಮೀಟರ್ ಬೇಕು. ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು: ಒಳ್ಳೆಯ ಮೀಟರ್ ಸುಳ್ಳು ಹೇಳುವುದು ಕಡಿಮೆ, ಅದರ ಮೇಲೆ ನಾವು ಬಿಡುವ ಹನಿಯೇ ಹೆಚ್ಚಾಗಿ ತಪ್ಪಾಗಿರುತ್ತದೆ. ರಸ್ತೆ ಬದಿಯ ಸಾಲಿನಿಂದ ಕಿತ್ತ ಹತ್ತು ಹಣ್ಣಿನ ರಸವನ್ನು ಎಷ್ಟು ದುಬಾರಿ ಸೆನ್ಸರ್‌ಗೆ ಹಾಕಿದರೂ ಅದು ಆ ಹತ್ತು ಹಣ್ಣಿನ ಕಥೆಯನ್ನಷ್ಟೇ ಹೇಳೀತು.

ಏನು ಕೊಳ್ಳಬೇಕು, ಏನು ಬೇಡ

ಸಣ್ಣ ವೈನರಿಗೆ, ಅಥವಾ ವೈನರಿಗೆ ಹಣ್ಣು ಕೊಡುವ ರೈತರಿಗೆ ಇಷ್ಟು ಸಾಕು: 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ, ರಸದ ಸಕ್ಕರೆಯನ್ನು ಬ್ರಿಕ್ಸ್ (100 ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ) ಲೆಕ್ಕದಲ್ಲಿ ತೋರಿಸುವ, 0.2 ಬ್ರಿಕ್ಸ್ ನಿಖರತೆಯ ಡಿಜಿಟಲ್ ರಿಫ್ರಾಕ್ಟೋಮೀಟರ್; ಪ್ರೋಬ್ ಬೇರೆಯಾಗಿ ಕಳಚಿ ಬದಲಿಸಬಹುದಾದ, 0.01 ಪಿಎಚ್‌ವರೆಗೆ ತೋರಿಸುವ ಪಿಎಚ್ ಮೀಟರ್, 25 ಮಿಲಿ ಬ್ಯುರೆಟ್, 10 ಮಿಲಿ ಪಿಪೆಟ್, ಮ್ಯಾಗ್ನೆಟಿಕ್ ಸ್ಟಿರರ್, 0.1 ನಾರ್ಮಲ್ ಬಲದ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ದ್ರಾವಣ, ಡಿಸ್ಟಿಲ್ಡ್ ವಾಟರ್, ಜಿಪ್ ಕವರ್‌ಗಳು, ಮಂಜುಗಡ್ಡೆ ಪ್ಯಾಕ್ ಹಾಕಿದ ಥರ್ಮೋಕೋಲ್ ಡಬ್ಬ.

ಈಜುಕೊಳಕ್ಕೆ, ಹೈಡ್ರೋಪೋನಿಕ್ಸ್‌ಗೆ ಅಂತ ಮಾರುವ ಪೆನ್ನಿನಂಥ ಪಿಎಚ್ ಮೀಟರ್ ಬೇಡ. ಅವುಗಳಲ್ಲಿ ಎಷ್ಟೋ 0.1ರಷ್ಟು ಆಚೀಚೆ ತೋರಿಸುತ್ತವೆ. ವೈನ್ ಕೆಲಸದಲ್ಲಿ 0.1 ಸಣ್ಣ ವ್ಯತ್ಯಾಸವಲ್ಲ. ಏಕೆಂಬುದು ಮುಂದೆ ಬರುತ್ತದೆ.

ಸ್ಯಾಂಪಲ್: ಅರ್ಧ ಕೆಲಸ ಇಲ್ಲೇ

ಬಣ್ಣ ತಿರುಗಿ ಮೂರು ವಾರವಾದ ಮೇಲೆ ವಾರಕ್ಕೊಮ್ಮೆ, ಗುರಿ ಎರಡು ಬ್ರಿಕ್ಸ್ ದೂರದಲ್ಲಿದೆ ಅನ್ನುವಾಗ ಎರಡು-ಮೂರು ದಿನಕ್ಕೊಮ್ಮೆ ಸ್ಯಾಂಪಲ್ ತೆಗೆಯಿರಿ. ಪ್ರತಿ ಸಲವೂ ಒಂದೇ ಹೊತ್ತಿಗೆ, ಬೆಳಿಗ್ಗೆ 7ರಿಂದ 8ರ ಒಳಗೆ. ಮಧ್ಯಾಹ್ನದ ಹಣ್ಣು ನೀರು ಕಳೆದುಕೊಂಡಿರುತ್ತದೆ, ಬೆಳಗಿನದು ಬೇರಿನಿಂದ ಮತ್ತೆ ತುಂಬಿಕೊಂಡಿರುತ್ತದೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಸಂಜೆ ತೆಗೆದರೆ ಎರಡನ್ನೂ ಹೋಲಿಸಲಾಗದು. ನೀರು ಬಿಟ್ಟ ಮರುದಿನ ತೆಗೆದಿದ್ದರೆ ಪುಸ್ತಕದಲ್ಲಿ ಗುರುತು ಹಾಕಿ.

ಅಂಚಿನ ಎರಡು ಸಾಲು, ಪ್ರತಿ ಸಾಲಿನ ತುದಿಯ ಎರಡು ಬಳ್ಳಿ ಬಿಟ್ಟುಬಿಡಿ. ಉಳಿದವುಗಳಲ್ಲಿ ಎಷ್ಟು ಬಳ್ಳಿ ಮುಟ್ಟಬೇಕು ಅನ್ನುವುದನ್ನು ತೋಟವೇ ಹೇಳಬೇಕು. ಸೀಸನ್ ಶುರುವಿನಲ್ಲಿ ಒಂದು ದಿನ ಇದಕ್ಕೆ ಮೀಸಲಿಡಿ: 15 ಬಳ್ಳಿಗಳಿಂದ ತಲಾ 10 ಹಣ್ಣು ಬೇರೆ ಬೇರೆ ಕವರಿಗೆ ಹಾಕಿ, ಬೇರೆ ಬೇರೆಯಾಗಿಯೇ ಬ್ರಿಕ್ಸ್ ನೋಡಿ, ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಓದುಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಸಂಖ್ಯೆ, ಲೆಕ್ಕ ಹಾಕಿ. ಅದು 1.5 ಬಂತು, ಅರ್ಧ ಬ್ರಿಕ್ಸ್‌ಗಿಂತ ಹೆಚ್ಚು ತಪ್ಪಬಾರದು ಎಂದಿಟ್ಟುಕೊಳ್ಳಿ. 1.5ರ ಎರಡರಷ್ಟನ್ನು 0.5ರಿಂದ ಭಾಗಿಸಿದರೆ 6, ಅದರ ವರ್ಗ 36. ಅಷ್ಟು ಬಳ್ಳಿ ಮುಟ್ಟಬೇಕು. ಒಂದು ಬ್ರಿಕ್ಸ್ ಆಚೀಚೆ ಆದರೂ ನಡೆಯುತ್ತದೆ ಅಂದರೆ 9 ಬಳ್ಳಿ ಸಾಕು. ಮೊದಲ ವಾರಗಳಲ್ಲಿ 9 ಸಾಕು, ಕೊಯ್ಲು ಹತ್ತಿರವಾದಂತೆ 36 ಬೇಕು. ಹನಿ ನೀರಾವರಿಯ ಪೈಪಿನ ಕೊನೆ, ಕಲ್ಲು ಭೂಮಿ, ಏರು-ತಗ್ಗು ಇರುವ ತೋಟವಾದರೆ ಅದನ್ನು ಎರಡು ತುಂಡಾಗಿ ನೋಡಿ ಬೇರೆ ಬೇರೆ ದಿನ ಕೊಯ್ಯುವುದೇ ಲೇಸು.

ಪ್ರತಿ ಬಳ್ಳಿಯಿಂದ ಐದಾರು ಹಣ್ಣು: ಗೊಂಚಲಿನ ಭುಜದಿಂದ, ನಡುವಿನಿಂದ, ತುದಿಯಿಂದ, ಹಿಂಬದಿಯಿಂದ. ಸಾಲಿನ ಪೂರ್ವಕ್ಕೂ ಪಶ್ಚಿಮಕ್ಕೂ ಸಮವಾಗಿ. ಸಂಜೆ ಬಿಸಿಲು ಬೀಳುವ ಪಶ್ಚಿಮದ ಮುಖ ಬೇರೆಯೇ ಹಣ್ಣು. ಕೈ ತಾನಾಗಿಯೇ ಕಪ್ಪಗೆ ಹೊಳೆಯುವ ಹಣ್ಣಿನ ಕಡೆ ಹೋಗುತ್ತದೆ, ಆದ್ದರಿಂದ ಗೊಂಚಲನ್ನು ಹಿಡಿದ ಮೇಲೆ ಕಣ್ಣು ಬೇರೆ ಕಡೆ ತಿರುಗಿಸಿ ಕೀಳುವುದು ಒಳ್ಳೆಯ ಅಭ್ಯಾಸ. ತೊಟ್ಟಿನ ಸಮೇತ ಕತ್ತರಿಸಿದರೆ ರಸ ಸೋರುವುದಿಲ್ಲ. ಕವರನ್ನು ತಂಪು ಡಬ್ಬಕ್ಕೆ ಹಾಕಿ, ಎರಡು ಗಂಟೆಯೊಳಗೆ ಅಳತೆ ಮುಗಿಸಿ. ಫ್ರೀಜರಿಗೆ ಹಾಕಬೇಡಿ. ರಸದ ಹುಳಿಯ ಲವಣವಾದ ಪೊಟ್ಯಾಸಿಯಂ ಬೈಟಾರ್ಟ್ರೇಟ್ ಹರಳಾಗಿ ತಳ ಸೇರಿ ಆಮ್ಲದ ಲೆಕ್ಕ ಕೆಡುತ್ತದೆ.

ಮೊದಲು ತಕ್ಕಡಿ

ಹಿಂಡುವ ಮುಂಚೆ 100 ಹಣ್ಣು ಎಣಿಸಿ ತೂಗಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ನಮ್ಮ ಬಿಸಿಲಿಗೆ ಇದರಷ್ಟು ಉಪಯುಕ್ತ ಅಳತೆ ಇನ್ನೊಂದಿಲ್ಲ. ಒಂದು ಉದಾಹರಣೆ: ಸೋಮವಾರ 100 ಹಣ್ಣಿನ ತೂಕ 130 ಗ್ರಾಂ, ಬ್ರಿಕ್ಸ್ 22.0. ಶುಕ್ರವಾರ ತೂಕ 122 ಗ್ರಾಂ, ಬ್ರಿಕ್ಸ್ 23.6. ಬ್ರಿಕ್ಸ್ ಒಂದೂವರೆ ಏರಿತು ಎಂದು ಖುಷಿಯಾಗುತ್ತದೆ. ಒಂದು ಹಣ್ಣಿನಲ್ಲಿರುವ ಸಕ್ಕರೆ ಲೆಕ್ಕ ಹಾಕಿ ನೋಡಿ: ಸೋಮವಾರ 1.30 ಗ್ರಾಂನ ಶೇ. 22, ಅಂದರೆ 286 ಮಿಲಿಗ್ರಾಂ. ಶುಕ್ರವಾರ 1.22 ಗ್ರಾಂನ ಶೇ. 23.6, ಅಂದರೆ 288 ಮಿಲಿಗ್ರಾಂ. ಬಳ್ಳಿ ಹೊಸದಾಗಿ ಸಕ್ಕರೆ ತುಂಬಿಲ್ಲ, ಹಣ್ಣು ಒಣಗಿದೆ ಅಷ್ಟೇ. ಈ ಸಂಖ್ಯೆ ಎರಡು ಸಲ ನಿಂತಲ್ಲೇ ನಿಂತರೆ ಇನ್ನು ಕಾಯುವುದರಿಂದ ತೂಕವೂ ಹೋಗುತ್ತದೆ, ಆಮ್ಲವೂ ಹೋಗುತ್ತದೆ. ಆಗಲೂ ರುಚಿ ಹಸಿಯಾಗಿಯೇ ಇದ್ದರೆ ತೊಂದರೆ ಎಲೆಯಲ್ಲೋ ನೀರಿನಲ್ಲೋ ಇದೆ. ರಿಫ್ರಾಕ್ಟೋಮೀಟರ್ ಒಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ.

ರಸ ತೆಗೆಯುವುದು

ಹಣ್ಣನ್ನು ಜಿಪ್ ಕವರಿನಲ್ಲೇ ಅಂಗೈಯಿಂದ ಒತ್ತಿ, ಒಂದೂ ಬಿಡದಂತೆ ಒಡೆಯಿರಿ. ಬೀಜ ಒಡೆಯಬಾರದು, ಹಾಗಾಗಿ ಮಿಕ್ಸಿ ಬೇಡ. ತಿರುಳಿನ ಎಲ್ಲ ಭಾಗದಲ್ಲೂ ಸಕ್ಕರೆ-ಆಮ್ಲ ಒಂದೇ ಸಮ ಇರುವುದಿಲ್ಲ. ಬೀಜದ ಸುತ್ತ ಹುಳಿ ಹೆಚ್ಚು, ಸಿಪ್ಪೆಯ ಹತ್ತಿರ ಪಿಎಚ್ ಏರಿಸುವ ಪೊಟ್ಯಾಸಿಯಂ ಹೆಚ್ಚು. ಮೆಲ್ಲಗೆ ಹಿಂಡಿದರೆ ಪಿಎಚ್ ಕಡಿಮೆ ಬರುತ್ತದೆ, ಹಿಸುಕಿ ಹಿಸುಕಿ ಹಿಂಡಿದರೆ ಹೆಚ್ಚು ಬರುತ್ತದೆ. ಯಾವ ಒತ್ತಡ ಸರಿ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ಎಲ್ಲ ಸಲವೂ ಒಬ್ಬರೇ, ಒಂದೇ ರೀತಿ, ಎರಡು ನಿಮಿಷ ಹಿಂಡುವುದು ಮುಖ್ಯ. ಕೆಂಪು ವೈನಿನ ಹಣ್ಣಾದರೆ ಸಿಪ್ಪೆಯ ಜೊತೆ ಅರ್ಧ ಗಂಟೆ ಬಿಟ್ಟು ಸೋಸಿ. ಹೀಗೆ ಮಾಡಿದರೂ ಟ್ಯಾಂಕಿಗೆ ಹೋದ ಮೇಲೆ ಪಿಎಚ್ ಇಲ್ಲಿಗಿಂತ ಸ್ವಲ್ಪ ಮೇಲೆಯೇ ಇರುತ್ತದೆ. ಎಷ್ಟು ಮೇಲೆ ಎಂಬುದನ್ನು ಪ್ರತಿ ವರ್ಷ ಬರೆದಿಟ್ಟರೆ ಮೂರನೇ ವರ್ಷಕ್ಕೆ ನಿಮ್ಮ ತೋಟದ ಅಂತರ ಸಿಗುತ್ತದೆ.

ಸೋಸಿದ ರಸವನ್ನು 10 ನಿಮಿಷ ನಿಲ್ಲಲು ಬಿಟ್ಟು ಮೇಲಿನ ತಿಳಿಯನ್ನು ಬಳಸಿ.

ಬೆಂಗಳೂರು ನೀಲಿ ದ್ರಾಕ್ಷಿಗೆ ಒಂದು ಎಚ್ಚರಿಕೆ. ಭೌಗೋಳಿಕ ಗುರುತು ಪಡೆದ ಈ ತಳಿ ಲ್ಯಾಬ್ರುಸ್ಕಾ ಎಂಬ ಅಮೆರಿಕದ ದ್ರಾಕ್ಷಿ ಜಾತಿಯ ವಂಶದ್ದು. ಒತ್ತಿದರೆ ಸಿಪ್ಪೆ ಕಳಚಿ, ಲೋಳೆಯಂಥ ತಿರುಳು ಉಂಡೆಯಾಗಿ ಹೊರಬರುತ್ತದೆ. ಉಂಡೆ ಒಡೆಯದೇ ಉಳಿದರೆ ಬೀಜದ ಸುತ್ತಲಿನ ಹುಳಿ ರಸಕ್ಕೆ ಸೇರುವುದೇ ಇಲ್ಲ. ಹಣ್ಣು ಇರುವುದಕ್ಕಿಂತ ಮಾಗಿದಂತೆ ಮೀಟರಿನಲ್ಲಿ ಕಾಣುತ್ತದೆ. ಇದನ್ನು ದಪ್ಪ ಜಾಲರಿಯ ಮೇಲೆ ಉಜ್ಜಿಯೇ ರಸ ತೆಗೆಯಬೇಕು.

ರಿಫ್ರಾಕ್ಟೋಮೀಟರ್

ಡಿಜಿಟಲ್ ರಿಫ್ರಾಕ್ಟೋಮೀಟರಿನ ಒಳಗೆ ಪ್ರಿಸಂ, ಹಳದಿ ಬೆಳಕಿನ ಎಲ್‌ಇಡಿ, ಬೆಳಕು ಎಲ್ಲಿ ಕತ್ತಲಾಗುತ್ತದೆ ಎಂದು ನೋಡುವ ಸಾಲು ಸೆನ್ಸರ್ ಇರುತ್ತವೆ. ಸಕ್ಕರೆ ಹೆಚ್ಚಾದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ವಕ್ರೀಭವನಾಂಕ 1.333, 20 ಬ್ರಿಕ್ಸ್ ರಸದ್ದು 1.364. ಮೀಟರ್ ನೋಡುವುದು ಈ ಸಣ್ಣ ಅಂತರವನ್ನು. ಆದ್ದರಿಂದ ಪ್ರಿಸಂ ಮೇಲಿನ ಒಂದು ಬೆರಳಚ್ಚು ಕೂಡ ಲೆಕ್ಕಕ್ಕೆ ಬರುತ್ತದೆ.

ಕ್ರಮ ಹೀಗೆ: ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆ ಮಾಡಿ. ಬೋರ್‌ವೆಲ್ ನೀರು ಬೇಡ, ಲವಣಗಳೂ ಬೆಳಕನ್ನು ಬಾಗಿಸುತ್ತವೆ. ಮೆತ್ತನೆಯ ಟಿಶ್ಯೂನಿಂದ ಒತ್ತಿ ಒರೆಸಿ. ನಾಲ್ಕೈದು ಹನಿ ರಸ ಬಿಡಿ, ಪ್ರಿಸಂ ಪೂರ್ತಿ ಮುಚ್ಚಬೇಕು. ಗುಳ್ಳೆ, ತಿರುಳಿನ ಚೂರು ಇರಬಾರದು. ಅರ್ಧ ನಿಮಿಷ ಸುಮ್ಮನಿರಿ, ರಸ ಮತ್ತು ಪ್ರಿಸಂ ಒಂದೇ ಬಿಸಿಗೆ ಬರಲಿ. ಅಂಗೈಯಿಂದ ಬಿಸಿಲು ಮರೆ ಮಾಡಿ ಬಟನ್ ಒತ್ತಿ, ಏಕೆಂದರೆ ತೋಟದ ನೇರ ಬಿಸಿಲು ಒಳಗೆ ಹೋದರೆ ಸೆನ್ಸರ್ ತಬ್ಬಿಬ್ಬಾಗುತ್ತದೆ. ಮೂರು ಸಲ ಓದಿ, ನಡುವಿನ ಸಂಖ್ಯೆ ಬರೆಯಿರಿ.

ಉಷ್ಣತೆಯ ತಿದ್ದುಪಡಿ ಇಲ್ಲದ ಹಳೇ ಮಾದರಿಯಾದರೆ 30 ಡಿಗ್ರಿಯ ರಸ ನಿಜಕ್ಕಿಂತ ಸುಮಾರು 0.8 ಬ್ರಿಕ್ಸ್ ಕಡಿಮೆ ತೋರಿಸುತ್ತದೆ. ತಿದ್ದುಪಡಿ ಇರುವ ಮೀಟರ್ ಕೂಡ ತನ್ನ ಪ್ರಿಸಂನ ಬಿಸಿಯನ್ನು ನೋಡುತ್ತದೆಯೇ ಹೊರತು ನೀವು ಈಗಷ್ಟೇ ಬಿಟ್ಟ ತಣ್ಣನೆಯ ಹನಿಯದ್ದನ್ನಲ್ಲ. ಆ ಅರ್ಧ ನಿಮಿಷ ಕಾಯುವುದು ಇದಕ್ಕೇ.

ಮೀಟರ್ ಸರಿ ಇದೆಯೇ ಎಂದು ನೋಡಲು ಅಡುಗೆಮನೆಯ ಸಕ್ಕರೆ ಸಾಕು. ಒಣ ಸಕ್ಕರೆ 20.00 ಗ್ರಾಂ, ಡಿಸ್ಟಿಲ್ಡ್ ವಾಟರ್ 80.00 ಗ್ರಾಂ ತೂಗಿ ಕರಗಿಸಿ. ಅದು 20.0 ಬ್ರಿಕ್ಸ್. ಮೀಟರ್ 19.8ರಿಂದ 20.2ರೊಳಗೆ ತೋರಿಸಬೇಕು. ಈ ದ್ರಾವಣ ಇಟ್ಟರೆ ಕೆಡುತ್ತದೆ, ಹೊಸದಾಗಿ ಮಾಡಿಕೊಳ್ಳಿ.

ಬ್ರಿಕ್ಸ್ ಅನ್ನು 0.57ರಿಂದ ಗುಣಿಸಿದರೆ ವೈನಿನಲ್ಲಿ ಬರಬಹುದಾದ ಆಲ್ಕೋಹಾಲ್ ಶೇಕಡಾವಾರು ಅಂದಾಜು ಸಿಗುತ್ತದೆ: 24 ಬ್ರಿಕ್ಸ್‌ಗೆ ಸುಮಾರು 13.7. ಹುದುಗು ಶುರುವಾದ ಮೇಲೆ ರಿಫ್ರಾಕ್ಟೋಮೀಟರಿನ ಸಂಖ್ಯೆಯನ್ನು ಹಾಗೇ ನಂಬಬೇಡಿ. ಆಲ್ಕೋಹಾಲ್ ಕೂಡ ಬೆಳಕನ್ನು ಬಾಗಿಸುತ್ತದೆ.

ಪಿಎಚ್: ಇಲ್ಲಿ ನಿಧಾನ ಬೇಕು

0.1ರ ಬೆಲೆ ಏನೆಂದು ನೋಡಿ. ವೈನ್ ಕೆಡದಂತೆ ಕಾಯುವುದು ಅದಕ್ಕೆ ಹಾಕುವ ಸಲ್ಫರ್ ಡೈಆಕ್ಸೈಡ್‌ನ ಒಂದು ಸಣ್ಣ ಪಾಲು ಮಾತ್ರ. ಆ ಪಾಲು ಎಷ್ಟೆಂದು ಪಿಎಚ್ ನಿರ್ಧರಿಸುತ್ತದೆ. ಲೀಟರಿಗೆ 0.8 ಮಿಲಿಗ್ರಾಂ ಕಾಯುವ ಪಾಲು ಬೇಕಾದರೆ ಪಿಎಚ್ 3.2ರಲ್ಲಿ ಮುಕ್ತ (ಬೇರೆ ವಸ್ತುವಿಗೆ ಅಂಟಿಕೊಳ್ಳದ) ಸಲ್ಫರ್ ಡೈಆಕ್ಸೈಡ್ ಸುಮಾರು 20 ಮಿಲಿಗ್ರಾಂ ಸಾಕು. 3.5ರಲ್ಲಿ 40 ಬೇಕು, 3.6ರಲ್ಲಿ 50, 3.8ರಲ್ಲಿ 79. ಅಂದರೆ ಪಿಎಚ್ ಅಂಕೆ ತಪ್ಪಿದರೆ ಬೆಂಕಿಕಡ್ಡಿ ಘಾಟಿನ ವೈನ್ ಆಗುತ್ತದೆ, ಇಲ್ಲವೇ ಕೆಟ್ಟ ವೈನ್.

ಪಿಎಚ್ ಪ್ರೋಬ್ ತುದಿಯ ಗಾಜಿನ ಗೋಲಿ ರಸದ ಆಮ್ಲಕ್ಕೆ ತಕ್ಕಂತೆ ಮಿಲಿವೋಲ್ಟ್ ಕೊಡುತ್ತದೆ: 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ 59.16 ಮಿಲಿವೋಲ್ಟ್. ಪ್ರೋಬ್ ಹಳೆಯದಾದಂತೆ ಇದು ಕುಗ್ಗುತ್ತದೆ. ಮೀಟರ್ ಇದನ್ನೇ ಶೇಕಡಾವಾರು ಸ್ಲೋಪ್ ಎಂದು ತೋರಿಸುವುದು. 95ರಿಂದ 105 ಇದ್ದರೆ ಸರಿ. 90ಕ್ಕಿಂತ ಕೆಳಗಿಳಿದು, ತೊಳೆದರೂ ಏರದಿದ್ದರೆ ಪ್ರೋಬಿನ ಆಯಸ್ಸು ಮುಗಿಯಿತು.

ಅಳೆಯುವ ದಿನ ಬೆಳಿಗ್ಗೆ 7.00 ಮತ್ತು 4.01 ಬಫರಿನಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಮೀಟರನ್ನು ಕ್ಯಾಲಿಬ್ರೇಟ್ ಮಾಡಿ (ಹೊಂದಿಸಿ). ಬಳಸಿದ ಬಫರನ್ನು ಬಾಟಲಿಗೆ ವಾಪಸ್ ಸುರಿಯಬಾರದು. ದ್ರಾಕ್ಷಿ ರಸ 4ಕ್ಕಿಂತ ಕೆಳಗಿರುವುದರಿಂದ ಈ ಎರಡು ಬಫರ್ ನಡುವೆ ಅದು ಬೀಳುವುದಿಲ್ಲ. ಆದ್ದರಿಂದ ಮೂರನೇ ಪರೀಕ್ಷೆಯೊಂದು ಬೇಕು. ಅದಕ್ಕೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕ್ರೀಮ್ ಆಫ್ ಟಾರ್ಟರ್ ಬಳಸಬಹುದು, ಅದು ಪೊಟ್ಯಾಸಿಯಂ ಬೈಟಾರ್ಟ್ರೇಟೇ. 100 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ 2 ಗ್ರಾಂ ಹಾಕಿ ಐದು ನಿಮಿಷ ಕಲಕಿ. ಪೂರ್ತಿ ಕರಗುವುದಿಲ್ಲ, ಕರಗಬಾರದು ಕೂಡ. ಮೇಲಿನ ತಿಳಿಯ ಪಿಎಚ್ 25 ಡಿಗ್ರಿಯಲ್ಲಿ 3.56. ಮೀಟರ್ 3.54ರಿಂದ 3.58ರೊಳಗೆ ತೋರಿಸಿದರೆ ಆ ದಿನದ ಕೆಲಸ ಶುರು ಮಾಡಿ.

ರಸ, ಬಫರ್, ಪ್ರೋಬ್ ಮೂರೂ ಕೋಣೆಯ ಬಿಸಿಗೆ ಬರಲಿ. ಉಷ್ಣತೆ ತಿದ್ದುಪಡಿ ಇದೆಯಲ್ಲ ಅನ್ನಬಹುದು. ಅದು ಪ್ರೋಬಿನ ಮಿಲಿವೋಲ್ಟ್ ಲೆಕ್ಕವನ್ನು ತಿದ್ದುತ್ತದೆ, ತಣ್ಣಗಿನ ರಸದ ಪಿಎಚ್ ನಿಜಕ್ಕೂ ಬೇರೆಯಾಗಿರುವುದನ್ನು ತಿದ್ದುವುದಿಲ್ಲ. ಪ್ರೋಬನ್ನು ಮುಳುಗಿಸಿ ಮೆಲ್ಲಗೆ ಕಲಕಿ ನಿಲ್ಲಿಸಿ, 30 ಸೆಕೆಂಡಿನಿಂದ ಒಂದು ನಿಮಿಷದಲ್ಲಿ ಅಂಕೆ ನಿಲ್ಲಬೇಕು. ಎರಡು ನಿಮಿಷವಾದರೂ ತೇಲುತ್ತಿದ್ದರೆ ಬದಿಯಲ್ಲಿರುವ ಸಣ್ಣ ಬಿಳಿ ಚುಕ್ಕೆ, ಅಂದರೆ ಜಂಕ್ಷನ್, ಕಟ್ಟಿಕೊಂಡಿದೆ.

ದ್ರಾಕ್ಷಿ ರಸದಷ್ಟು ಬೇಗ ಜಂಕ್ಷನ್ ಕಟ್ಟಿಸುವ ದ್ರವ ಕಡಿಮೆ. ಏನು ಕಟ್ಟಿಕೊಂಡಿದೆ ಎನ್ನುವುದರ ಮೇಲೆ ಮದ್ದು. ಟಾರ್ಟ್ರೇಟ್ ಹರಳಾದರೆ 40-50 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ. ಸಿಪ್ಪೆಯ ಬಣ್ಣ ಆದರೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಲು ಗಂಟೆ. ತಿರುಳಿನ ಪ್ರೋಟೀನ್ ಆದರೆ ಪೆಪ್ಸಿನ್ ಇರುವ ಪ್ರೋಬ್ ಕ್ಲೀನರಿನಲ್ಲಿ ಒಂದು ಗಂಟೆ. ಯಾವುದೇ ಮಾಡಿದರೂ ಆಮೇಲೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಒಂದೆರಡು ಗಂಟೆ ನೆನೆಸಿ ಹೊಸದಾಗಿ ಕ್ಯಾಲಿಬ್ರೇಟ್ ಮಾಡಬೇಕು. ಗೋಲಿಯನ್ನು ಬಟ್ಟೆಯಿಂದ ಉಜ್ಜಬಾರದು, ಟಿಶ್ಯೂ ತಾಗಿಸಿ ನೀರು ಹೀರಿಸಿದರೆ ಸಾಕು. ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ ಇಡುವುದಂತೂ ಬೇಡವೇ ಬೇಡ. ಒಳಗಿನ ಲವಣ ಹೊರಗೆ ಬಸಿದುಹೋಗುತ್ತದೆ. ಎಷ್ಟೋ ಪ್ರೋಬ್‌ಗಳು ಹೀಗೆ ಅತಿ ಸ್ವಚ್ಛತೆಯಿಂದಲೇ ಹಾಳಾಗುತ್ತವೆ.

ಹುಳಿಯ ಒಟ್ಟು ಲೆಕ್ಕ

ಪಿಎಚ್ ಆಮ್ಲದ ಬಿರುಸನ್ನು ಹೇಳುತ್ತದೆ, ಪ್ರಮಾಣವನ್ನಲ್ಲ. ಅದಕ್ಕೆ ಟೈಟ್ರೇಷನ್ ಬೇಕು, ಅಂದರೆ ಕ್ಷಾರ ಹನಿಸುತ್ತಾ ಹುಳಿ ತೀರಲು ಎಷ್ಟು ಖರ್ಚಾಯಿತು ಎಂದು ಅಳೆಯುವುದು. ಕೈಗವಸು, ಕನ್ನಡಕ ಹಾಕಿಕೊಳ್ಳಿ.

10 ಮಿಲಿ ರಸಕ್ಕೆ ಕುದಿಸಿ ಆರಿಸಿದ 50 ಮಿಲಿ ಡಿಸ್ಟಿಲ್ಡ್ ವಾಟರ್ ಸೇರಿಸಿ. ಸ್ಟಿರರ್ ಮೇಲಿಟ್ಟು ಪ್ರೋಬ್ ಇಳಿಸಿ, ತಿರುಗುವ ಕಡ್ಡಿ ಗೋಲಿಗೆ ಬಡಿಯದಂತೆ ನೋಡಿಕೊಳ್ಳಿ. ಬ್ಯುರೆಟ್‌ನಿಂದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋಗಿ. ಪಿಎಚ್ 6 ದಾಟಿದ ಮೇಲೆ ಹನಿ ಹನಿಯಾಗಿ, ಏಕೆಂದರೆ ಅಲ್ಲಿಂದಾಚೆ ಅಂಕೆ ಜಿಗಿಯುತ್ತದೆ. 8.2ಕ್ಕೆ ಬಂದು ಅರ್ಧ ನಿಮಿಷ ನಿಂತರೆ ಮುಗಿಯಿತು. ಖರ್ಚಾದ ಮಿಲಿಯನ್ನು 0.75ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಟಾರ್ಟಾರಿಕ್ ಆಮ್ಲಕ್ಕೆ ಸಮ ಎಂದು ಸಿಗುತ್ತದೆ. 9.2 ಮಿಲಿ ಆದರೆ 6.9 ಗ್ರಾಂ. ಅಂತರರಾಷ್ಟ್ರೀಯ ವೈನ್ ಸಂಸ್ಥೆಯ ವಿಧಾನದಲ್ಲಿ ಪಿಎಚ್ 7.0ಕ್ಕೇ ನಿಲ್ಲಿಸುತ್ತಾರೆ, ಆಗ ಅದೇ ರಸಕ್ಕೆ ಸಂಖ್ಯೆ ಕಡಿಮೆ ಬರುತ್ತದೆ. ಯಾವುದಕ್ಕೆ ನಿಲ್ಲಿಸಿದಿರಿ ಎಂದು ಬರೆಯದಿದ್ದರೆ ವೈನರಿಗೂ ರೈತರಿಗೂ ಇಲ್ಲೇ ಜಗಳ ಹುಟ್ಟುತ್ತದೆ.

ಇನ್ನೊಂದು ಮೋಸ ಬಾಟಲಿಯೊಳಗೇ ಇದೆ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಲ ಕಳೆದುಕೊಳ್ಳುತ್ತದೆ. ಬಲ ಕುಗ್ಗಿದ ದ್ರಾವಣ ಹೆಚ್ಚು ಖರ್ಚಾಗುತ್ತದೆ, ರಸ ಇರುವುದಕ್ಕಿಂತ ಹುಳಿಯಾಗಿ ಕಾಣುತ್ತದೆ, ನೀವು ಇನ್ನೂ ಕಾಯುತ್ತೀರಿ. ವಾರಕ್ಕೊಮ್ಮೆ ಪರೀಕ್ಷಿಸಿ: ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ 0.4084 ಗ್ರಾಂ ನೀರಿನಲ್ಲಿ ಕರಗಿಸಿ ಟೈಟ್ರೇಟ್ ಮಾಡಿದರೆ ಸರಿಯಾದ 0.1 ನಾರ್ಮಲ್ ದ್ರಾವಣ 20.0 ಮಿಲಿ ಖರ್ಚಾಗಬೇಕು. 21.0 ಖರ್ಚಾದರೆ ಅದರ ಬಲ 0.0952. ಆಗ 0.75ರ ಬದಲು 0.714ರಿಂದ ಗುಣಿಸಿ. ಇಷ್ಟು ಸಣ್ಣ ತೂಕಕ್ಕೆ 0.01 ಗ್ರಾಂನ ತಕ್ಕಡಿ ಸಾಲದು. ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ತೂಗಿಸಿ ಪುಡಿಕೆ ಕಟ್ಟಿಸಿಟ್ಟುಕೊಳ್ಳಬಹುದು.

ಬೆಳಕಿನಿಂದ ಬಣ್ಣ ಅಳೆಯುವುದು

ಇದುವರೆಗಿನದು ಹಣ್ಣು ಹಿಂಡಿ ಅಳೆಯುವ ಕೆಲಸ. ಬಳ್ಳಿಯ ಮೇಲಿರುವ ಹಣ್ಣಿಗೇ ಬೆಳಕು ಬಿಟ್ಟು ಒಳಗಿನದನ್ನು ತಿಳಿಯುವ ಸೆನ್ಸರ್‌ಗಳೂ ಇವೆ. ಎಲೆಹಸಿರು 680 ನ್ಯಾನೋಮೀಟರ್ ಸುತ್ತ ಬೆಳಕು ಹೀರುತ್ತದೆ, ಸಿಪ್ಪೆಯ ಕೆಂಪು ಬಣ್ಣವಾದ ಆಂಥೋಸಯನಿನ್ 520-550ರ ಸುತ್ತ, ನೀರು 970ರ ಸುತ್ತ. ಫ್ರಾನ್ಸಿನ ಫೋರ್ಸ್-ಎ ಕಂಪನಿ ರೂಪಿಸಿದ ಮಲ್ಟಿಪ್ಲೆಕ್ಸ್ ಎಂಬ ಉಪಕರಣ ಇದಕ್ಕೆ ಬೇರೆ ಉಪಾಯ ಹಿಡಿದಿದೆ. ಸಿಪ್ಪೆಯೊಳಗಿನ ಎಲೆಹಸಿರು ಹೊರಸೂಸುವ ಮಂಕು ಹೊಳಪನ್ನು ಆಂಥೋಸಯನಿನ್ ಎಷ್ಟು ಮರೆಮಾಡುತ್ತದೆ ಎಂದು ನೋಡುತ್ತದೆ. ಇಂಥ ಸಿದ್ಧ ಉಪಕರಣಗಳ ಬೆಲೆ ಸಣ್ಣವರ ಕೈಗೆ ಎಟುಕುವುದಿಲ್ಲ. ಕೊಂಡರೂ ಅವುಗಳೊಳಗಿನ ಲೆಕ್ಕ ಬೇರೆ ದೇಶದ, ಬೇರೆ ಹವಾಮಾನದ ಹಣ್ಣಿನ ಮೇಲೆ ಕಟ್ಟಿದ್ದಾಗಿರಬಹುದು. ನಿಮ್ಮ ಶಿರಾಜ್‌ಗೆ (ಕೆಂಪು ವೈನಿನ ತಳಿ) ಹೊಂದುತ್ತದೆಯೇ ಎಂದು ಪರೀಕ್ಷಿಸದೆ ಬಳಸಬೇಡಿ.

ಕೈಯಲ್ಲಿ ಕಟ್ಟಿಕೊಳ್ಳುವುದಾದರೆ ಎಎಸ್7265ಎಕ್ಸ್ ಎಂಬ ಸೆನ್ಸರ್ ಬೋರ್ಡ್ ಒಳ್ಳೆಯ ಆಯ್ಕೆ. ಮೂರು ಚಿಪ್, 410ರಿಂದ 940 ನ್ಯಾನೋಮೀಟರ್‌ವರೆಗೆ 18 ಬಣ್ಣಪಟ್ಟಿ, ಪ್ರತಿಯೊಂದರ ಅಗಲ ಸುಮಾರು 20 ನ್ಯಾನೋಮೀಟರ್. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನಾಲ್ಕೇ ತಂತಿ: 3.3 ವೋಲ್ಟ್, ಗ್ರೌಂಡ್, ಡೇಟಾ ತಂತಿ 21ನೇ ಪಿನ್ನಿಗೆ, ಕ್ಲಾಕ್ 22ನೇ ಪಿನ್ನಿಗೆ. 5 ವೋಲ್ಟ್ ಕೊಟ್ಟರೆ ಸೆನ್ಸರ್ ಸುಟ್ಟುಹೋಗಬಹುದು.

40 ಮಿಲಿಮೀಟರ್ ಪಿವಿಸಿ ಪೈಪಿನ ಐದು ಸೆಂಟಿಮೀಟರ್ ತುಂಡು ತೆಗೆದು ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಒಂದು ತುದಿಗೆ ಸೆನ್ಸರ್, ಹಣ್ಣು ತಾಗುವ ತುದಿಗೆ ಕಪ್ಪು ಸ್ಪಂಜಿನ ಉಂಗುರ. ಹೊರಗಿನ ಬೆಳಕು ಒಂದಿಷ್ಟೂ ನುಸುಳಬಾರದು. ಬೋರ್ಡಿನಲ್ಲೇ ಬಿಳಿ, ಅತಿಗೆಂಪು, ನೇರಳೆ ಎಲ್‌ಇಡಿಗಳಿರುತ್ತವೆ, ಆದರೆ ಅತಿಗೆಂಪಿನದು 875 ನ್ಯಾನೋಮೀಟರಿನದು. 940ರ ಪಟ್ಟಿಗೆ ಅದರಿಂದ ಬೆಳಕು ಸಾಲದು. ಹಳೇ ಟಾರ್ಚಿನ ಫಿಲಮೆಂಟ್ ಬಲ್ಬ್ ಬದಿಯಲ್ಲಿ ಓರೆಯಾಗಿ ಕೂರಿಸಿ, ಹತ್ತು ನಿಮಿಷ ಉರಿಸಿ ಸ್ಥಿರವಾದ ಮೇಲೆ ಓದುವುದು ಉತ್ತಮ.

ಬಿಳಿಯ ಆಧಾರಕ್ಕೆ ಪ್ಲಂಬರ್ ಬಳಸುವ ಟೆಫ್ಲಾನ್ ಟೇಪ್. ಪುಟ್ಟ ಚಪ್ಪಟೆ ತುಂಡಿನ ಮೇಲೆ ಹಿಂದಿನದು ಕಾಣದಷ್ಟು ಪದರ ಸುತ್ತಿ, ಕೈ ತಾಗದಂತೆ ಡಬ್ಬಿಯಲ್ಲಿಡಿ. ಮೊದಲು ಬಲ್ಬ್ ಆರಿಸಿ ಕತ್ತಲಿನ ಓದು. ಆಮೇಲೆ ಟೆಫ್ಲಾನ್ ಓದು. ಆಮೇಲೆ ಹಣ್ಣಿನದು, ಐದು ಸಲ ಓದಿ ಸರಾಸರಿ. ಹಣ್ಣಿನದರಿಂದಲೂ ಟೆಫ್ಲಾನಿನದರಿಂದಲೂ ಕತ್ತಲನ್ನು ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತದೆ. ಟೆಫ್ಲಾನ್ ಓದು 65535ಕ್ಕೆ ಅಂಟಿಕೊಂಡಿದ್ದರೆ ಸೆನ್ಸರ್ ಬೆಳಕಿನಿಂದ ತುಂಬಿಹೋಗಿದೆ, ಗೇನ್ (ಓದನ್ನು ಹಿಗ್ಗಿಸುವ ಪ್ರಮಾಣ) ಇಳಿಸಿ. ಹತ್ತು ಗೊಂಚಲಿಗೊಮ್ಮೆ ಕತ್ತಲು-ಟೆಫ್ಲಾನ್ ಓದು ಮತ್ತೆ ಆಗಲೇಬೇಕು. ಬ್ಯಾಟರಿ ಇಳಿದಂತೆ ಬಲ್ಬಿನ ಬಣ್ಣವೂ ಬದಲಾಗುತ್ತದೆ.

ಪೈಪಿನ ಈ ಸೆನ್ಸರ್ ಗೂಡಿನಿಂದ ಏನು ಸಿಗುತ್ತದೆ? 810ರ ಪ್ರತಿಫಲನವನ್ನು 560ರದ್ದರಿಂದ ಭಾಗಿಸಿ ಲಾಗರಿದಮ್ ತೆಗೆದುಕೊಂಡರೆ ಬಣ್ಣ ತಿರುಗುವುದರ ಒಳ್ಳೆಯ ಸೂಚಿ. ತೋಟದ ಯಾವ ಮೂಲೆ ಹಿಂದುಳಿದಿದೆ ಎಂದು ಒಂದೇ ಬೆಳಿಗ್ಗೆ ಗೊತ್ತಾಗುತ್ತದೆ. ಹಣ್ಣು ಪೂರ್ತಿ ಕಪ್ಪಾದ ಮೇಲೆ ಮಾತ್ರ 535, 560ರ ಓದು ತಳ ಕಂಡು ನಿಂತುಬಿಡುತ್ತದೆ. ಬಣ್ಣ ಒಳಗೆ ಹೆಚ್ಚುತ್ತಲೇ ಇರುತ್ತದೆ, ಸೆನ್ಸರಿಗೆ ಕಾಣುವುದಿಲ್ಲ. ಆಗ ಅಂಚಿನ 610, 645, 705 ಪಟ್ಟಿಗಳನ್ನು ನೋಡಬೇಕು. ಬ್ರಿಕ್ಸ್ ಕೂಡ ಇದರಿಂದಲೇ ಹೇಳುತ್ತೇನೆ ಅನ್ನುವವರನ್ನು ಅನುಮಾನದಿಂದ ನೋಡಿ. ನೀರಿನ 970ರ ಗುರುತು ಈ ಸೆನ್ಸರಿನ ವ್ಯಾಪ್ತಿಯ ಆಚೆಗಿದೆ. ಬಣ್ಣಕ್ಕೂ ಸಕ್ಕರೆಗೂ ಒಂದೇ ತೋಟದಲ್ಲಿ, ಒಂದೇ ವರ್ಷದಲ್ಲಿ ಇರುವ ನಂಟನ್ನೇ ಅದು ಸಕ್ಕರೆ ಎಂದು ಓದುತ್ತಿರುತ್ತದೆ. ಮುಂದಿನ ವರ್ಷ ಆ ನಂಟು ಸಡಿಲವಾದರೆ ಓದಿನಿಂದ ಬ್ರಿಕ್ಸ್ ಅಂದಾಜಿಸುವ ಲೆಕ್ಕದ ಮಾದರಿಯೂ ಬಿದ್ದುಹೋಗುತ್ತದೆ.

ಹಾಗೂ ಮಾದರಿ ಕಟ್ಟುವುದಾದರೆ 14ರಿಂದ 26 ಬ್ರಿಕ್ಸ್‌ವರೆಗೆ ಹರಡಿದ, ಎರಡು ಸೀಸನ್ನಿನ, ಕನಿಷ್ಠ ನೂರು ಸ್ಯಾಂಪಲ್ ಬೇಕು. ಪರೀಕ್ಷೆಗೆ ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ಎತ್ತಿಡಬೇಡಿ, ಒಂದು ಇಡೀ ಬ್ಲಾಕನ್ನೇ ಹೊರಗಿಡಿ. ಇಲ್ಲವಾದರೆ ಪಕ್ಕದ ಬಳ್ಳಿಯ ಹಣ್ಣನ್ನೇ ನೋಡಿ ಉತ್ತರ ಬರೆದಂತಾಗುತ್ತದೆ. ಹಣ್ಣಿನ ಮೇಲಿನ ಬೆಳ್ಳಗಿನ ಮೇಣದ ಪದರ, ಬೋರ್ಡೋ ದ್ರಾವಣದ ಕಲೆ, ಬೆಳಗಿನ ಇಬ್ಬನಿ ಮೂರೂ ಓದನ್ನು ಕೆಡಿಸುತ್ತವೆ. ಮೇಣವನ್ನು ಒರೆಸುವುದಾದರೆ ಎಲ್ಲ ಹಣ್ಣಿನದನ್ನೂ ಒರೆಸಿ, ಬಿಡುವುದಾದರೆ ಎಲ್ಲದರದ್ದೂ ಬಿಡಿ.

ಸೂಚಿಯನ್ನು ನಿಜವಾದ ಬಣ್ಣದ ಅಳತೆಗೆ ಜೋಡಿಸಲು ಲ್ಯಾಬ್ ಸಂಖ್ಯೆ ಬೇಕೇ ಬೇಕು. ಹಣ್ಣನ್ನು ಬೀಜ ಸಮೇತ ನುಣ್ಣಗೆ ಅರೆಯಿರಿ, ರಸ ತೆಗೆಯುವಾಗಿನಂತಲ್ಲದೆ ಇಲ್ಲಿ ಅರೆಯಲೇಬೇಕು. 1 ಗ್ರಾಂ ಹಿಟ್ಟಿಗೆ ಪಿಎಚ್ 2ರ ಶೇ. 50 ಎಥನಾಲ್ 10 ಮಿಲಿ ಸೇರಿಸಿ ಆಗಾಗ ಕುಲುಕುತ್ತಾ ಒಂದು ಗಂಟೆ ಬಿಡಿ. ತಿಳಿ ತೆಗೆದು ಅದರ 1 ಮಿಲಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10 ಮಿಲಿ ಹಾಕಿ, ಮೂರು ಗಂಟೆ ಬಿಟ್ಟು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 520 ನ್ಯಾನೋಮೀಟರ್ ಓದಿ. ಓದು 0.50, ಸಾರದ ಒಟ್ಟು ಗಾತ್ರ 10.5 ಮಿಲಿ ಆದರೆ: 0.50 ಭಾಗಿಸು 500, ಗುಣಿಸು 11, ಗುಣಿಸು 10.5 ಭಾಗಿಸು 100, ಗುಣಿಸು 1000. ಒಂದು ಗ್ರಾಂ ಹಣ್ಣಿಗೆ ಸುಮಾರು 1.16 ಮಿಲಿಗ್ರಾಂ ಆಂಥೋಸಯನಿನ್.

ವಾಸನೆಯ ಸೆನ್ಸರ್

ಎಂಕ್ಯೂ-3ರಂಥ ಅಗ್ಗದ ಅನಿಲ ಸೆನ್ಸರಿನಿಂದ ಮಾಗುವಿಕೆ ಕಂಡುಹಿಡಿಯುವ ಯೋಜನೆಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿವೆ. ಅದಕ್ಕೆ ಗೊತ್ತಾಗುವುದು ಮುಖ್ಯವಾಗಿ ಆಲ್ಕೋಹಾಲಿನ ಆವಿ. ಗಾಳಿಯ ತೇವ ಬದಲಾದರೂ ಓದು ಬದಲಾಗುತ್ತದೆ, ಹೊಸ ಸೆನ್ಸರ್ ಸ್ಥಿರವಾಗಲು ಕನಿಷ್ಠ ಒಂದು ದಿನ ಬಿಸಿಯಾಗಿರಬೇಕು. ಹಣ್ಣು ಮಾಗಿತೇ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಕ್ರೇಟುಗಳಲ್ಲಿ ಬಂದ ಹಣ್ಣು ಒಡೆದು ಹುಳಿಯಲು ಶುರುವಾಗಿದೆಯೇ ಎಂದು ನೋಡಲು ಬಳಸಬಹುದು. ಮೂಗೂ ಆ ಕೆಲಸ ಮಾಡುತ್ತದೆ.

ಎಲ್ಲ ಸಂಖ್ಯೆ ಒಟ್ಟಿಗೆ

ಸಾಮಾನ್ಯವಾಗಿ ನೋಡುವ ಗುರಿ ಹೀಗಿರುತ್ತದೆ: ನೊರೆವೈನಿಗೆ ಹೋಗುವ ಶೆನಿನ್ ಬ್ಲಾಂಕ್ 18-20 ಬ್ರಿಕ್ಸ್, ಪಿಎಚ್ 3.0-3.2, ಸೋವಿನ್ಯಾನ್ ಬ್ಲಾಂಕ್ 20-22 ಬ್ರಿಕ್ಸ್, ಪಿಎಚ್ 3.1-3.3, ಶಿರಾಜ್, ಕ್ಯಾಬರ್ನೆ 23-25 ಬ್ರಿಕ್ಸ್, ಪಿಎಚ್ 3.4-3.6. ನಮ್ಮ ಮಾರ್ಚ್ ಬಿಸಿಲಿನಲ್ಲಿ ಬ್ರಿಕ್ಸ್, ಪಿಎಚ್ ಎರಡೂ ಗುರಿ ಒಟ್ಟಿಗೆ ಸಿಗುವುದು ಅಪರೂಪ. ಯಾವುದಾದರೂ ಒಂದನ್ನು ಬಿಟ್ಟುಕೊಡಬೇಕು. ಬಿಳಿ ಹಣ್ಣಿನಲ್ಲಿ ಪಿಎಚ್ ಹಿಡಿದುಕೊಂಡು ಒಂದು ಬ್ರಿಕ್ಸ್ ಬಿಡುವುದೇ ಸರಿ. ಹೋದ ಘಮ ಯಾವ ಟ್ಯಾಂಕಿನಲ್ಲೂ ವಾಪಸ್ ಬರುವುದಿಲ್ಲ. ಕೆಂಪಿನಲ್ಲಿ ಸ್ವಲ್ಪ ಕಾಯಬಹುದು. ಲೀಟರಿಗೆ 1 ಗ್ರಾಂ ಟಾರ್ಟಾರಿಕ್ ಆಮ್ಲ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ. ಆದರೆ 3.9ಕ್ಕೆ ಏರಿದ ರಸವನ್ನು 3.5ಕ್ಕೆ ತರಲು 4 ಗ್ರಾಂ ಸುರಿದ ವೈನ್ ಬಾಯಲ್ಲಿ ಗೊತ್ತಾಗಿಯೇ ಗೊತ್ತಾಗುತ್ತದೆ.

ಪ್ರತಿ ಸಲ ಅಳೆದಾದ ಮೇಲೆ ಉಳಿದ ಹಣ್ಣು ಬಾಯಿಗೆ ಹಾಕಿಕೊಳ್ಳಿ. ಬೀಜ ಹಸಿರಾಗಿದೆಯೇ, ಕಂದಾಗಿ ಕಟುಮ್ ಅನ್ನುತ್ತದೆಯೇ? ಸಿಪ್ಪೆ ಜಗಿದರೆ ಒಗರೇ? ಇದಕ್ಕೆ ಇನ್ನೂ ಅಗ್ಗದ ಸೆನ್ಸರ್ ಬಂದಿಲ್ಲ. ಅದನ್ನೂ ಅದೇ ಪುಸ್ತಕದಲ್ಲಿ, ಅದೇ ಸಾಲಿನಲ್ಲಿ ಬರೆಯಿರಿ.

ಕೊಯ್ಲಿನ ದಿನ ಒಂದೆರಡು ಕ್ರೇಟಿನ ನಡುವೆ ನೀರು ಹೋಗದ ಡಿಎಸ್18ಬಿ20 ಉಷ್ಣತೆ ಪ್ರೋಬ್ ಇಳಿಬಿಡಿ. ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಮರೆತರೆ ಅಂಕೆಯೇ ಬರುವುದಿಲ್ಲ. ಬೆಳಗಿನ ಜಾವ ಕೊಯ್ದ ಹಣ್ಣಿನ ಬಿಸಿ ಎಷ್ಟು ಹೊತ್ತಿಗೆ 20 ಡಿಗ್ರಿ ದಾಟುತ್ತದೆ ಎಂದು ಅದರಲ್ಲಿ ಕಾಣುತ್ತದೆ. ಕೂಲಿಯವರನ್ನು ಎಷ್ಟು ಗಂಟೆಗೆ ಕರೆಯಬೇಕು, ಕೊನೆಯ ಗಾಡಿ ಎಷ್ಟಕ್ಕೆ ಹೊರಡಬೇಕು ಎನ್ನುವುದನ್ನು ಮುಂದಿನ ವರ್ಷ ಅದನ್ನು ನೋಡಿಯೇ ತೀರ್ಮಾನಿಸಬಹುದು.

ಸೀಸನ್ ಮುಗಿದ ಮೇಲೆ ರಿಫ್ರಾಕ್ಟೋಮೀಟರಿನ ಬ್ಯಾಟರಿ ತೆಗೆದಿಡಿ, ಸೋರಿದರೆ ಮೀಟರೇ ಹೋಯಿತು. ಪಿಎಚ್ ಪ್ರೋಬಿನ ಟೋಪಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿ, ನಿಲ್ಲಿಸಿ ಇಡಿ, ತಿಂಗಳಿಗೊಮ್ಮೆ ಆರಿದೆಯೇ ನೋಡಿ. ಟೋಪಿಯ ಸುತ್ತ ಬಿಳಿ ಉಪ್ಪು ಕಟ್ಟಿದ್ದರೆ ಹೆದರಬೇಡಿ, ನೀರಿನಲ್ಲಿ ತೊಳೆದರೆ ಹೋಗುತ್ತದೆ.